ಹೊಸ ಕಾರಲ್ಲಿ ಶಿರಾಡಿ ಘಾಟಿ ಇಳಿಯಬಹುದಾ?

ಸರ್, ಪೆಟ್ರೋಲ್ ಕಾರು 250 ಕಿ.ಮೀ. ಮಾತ್ರ ಓಡಿದೆ, ಬೆಂಗಳೂರಿಂದ ಮಂಗಳೂರಿಗೆ ಒಂದೇ ಸಮ 80ರಲ್ಲಿ ಹೋದ್ರೆ ಸಾಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ, ಆದ್ರೆ ಆ "ಒಂದೇ ಸಮ" ಅನ್ನೋದೇ ಬೇಡ. ಹೊಸ ಎಂಜಿನ್ನಿನ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು, ಅದಕ್ಕೆ ಲೋಡ್ ಏರಿಳಿಯುತ್ತಾ ಇರಬೇಕು. ನೆಲಮಂಗಲ ದಾಟಿದ ಮೇಲೆ 60, 75, 85 ಹೀಗೆ ಬದಲಾಯಿಸ್ತಾ ಇರಿ. ವೇಗವನ್ನ ತಾನೇ ಒಂದೇ ಸಮ ಹಿಡಿದಿಡೋ ಕ್ರೂಸ್ ಕಂಟ್ರೋಲ್ ಮುಟ್ಟಲೇಬೇಡಿ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದು) 3000ದ ಆಸುಪಾಸಿನಲ್ಲಿರಲಿ, ಓವರ್‌ಟೇಕ್ ಮಾಡುವಾಗ ಸ್ವಲ್ಪ ಮೇಲೆ ಹೋದ್ರೆ ಗಾಬರಿ ಬೇಡ.

ಮೆಲ್ಲಗೆ ಓಡಿಸೋದು ಅಂದ್ರೆ ಟಾಪ್ ಗೇರಲ್ಲಿ 40ಕ್ಕೆ ಕುಂಟಿಸೋದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಎಂಜಿನ್‌ಗೆ ಇನ್ನೂ ಹಿಂಸೆ.

ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಎರಡು, ಮೂರನೇ ಗೇರಲ್ಲೇ ಇಳಿಸಿ. ಬ್ರೇಕ್ ಪ್ಯಾಡು, ಟೈರು ಎಲ್ಲಾ ಹೊಸವು, ಪೂರ್ತಿ ಹಿಡಿತ ಬಂದಿರಲ್ಲ. ಮುಂದಿನ ಲಾರಿಯಿಂದ ದೂರ ಇರಿ. ವಾಪಸ್ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತೋ ಬದಲು ಗೇರ್ ಇಳಿಸಿ.

ಹೋಗಿ ಬರೋಷ್ಟರಲ್ಲಿ ಕಾರು ಓಡಿದ್ದು ಒಟ್ಟು ಹೆಚ್ಚುಕಮ್ಮಿ 1000 ಕಿ.ಮೀ. ಆಗುತ್ತೆ. ಮೊದಲ ಸರ್ವೀಸ್ ಯಾವಾಗ ಅಂತ ಮ್ಯಾನ್ಯುಯಲ್ ನೋಡಿ, ಈಗಲೇ ಬುಕ್ ಮಾಡಿಬಿಡಿ.