ಕುಬ್ಜ ಹ್ಯಾಮ್‌ಸ್ಟರ್ ಜೋಡಿ ಕಚ್ಚಾಡುತ್ತಿದ್ದರೆ ಇವತ್ತೇ ಬೇರೆ ಮಾಡಿ

ನಿಮ್ಮ ಎರಡು ವಿಂಟರ್ ವೈಟ್‌ಗಳು (ಇಲಿಯಂತಹ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್‌ನ ಒಂದು ಕುಬ್ಜ ಜಾತಿ) ಕಚ್ಚಾಡುತ್ತಿವೆ, ಕಿವಿಯಲ್ಲಿ ರಕ್ತವೂ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೂರನೇ ತಿಂಗಳಲ್ಲಿ ಹೀಗೆ ದಿಢೀರನೆ ಕಚ್ಚಾಡಲು ಹೆಚ್ಚಾಗಿ ವಯಸ್ಸೇ ಕಾರಣ. ಮರಿಗಳಾಗಿದ್ದಾಗ ಅಂಟಿಕೊಂಡು ಮಲಗುವ ಅಣ್ಣತಮ್ಮಂದಿರೂ ಪ್ರಾಯಕ್ಕೆ ಬಂದ ಮೇಲೆ ಜಾಗಕ್ಕಾಗಿ ಹೊಡೆದಾಡುತ್ತವೆ. ಸುಮ್ನೆ ಚೀರಾಡಿ ದೂರ ಸರಿದರೆ ಪರವಾಗಿಲ್ಲ. ಆದರೆ ಕಿವಿಯಲ್ಲಿ ರಕ್ತ ಬಂದಿದೆ ಅಂದಿರಲ್ಲ, ಇನ್ನು ಕಾಯಬೇಡಿ.

ಮೊದಲು ಒಂದನ್ನು ಬೇರೆ ಕಡೆ ಹಾಕಿ. ಪಂಜರ ಸಿಗುವವರೆಗೆ ಗಾಳಿಯಾಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಾಕು. ಹಳೆಯ ಹಾಸನ್ನೇ ಒಂದಿಷ್ಟು ಹಾಕಿ, ನೀರು, ಓಡಿ ಆಡುವ ಚಕ್ರ, ಅಡಗಿಕೊಳ್ಳಲು ಜಾಗ ಕೊಡಿ. ಆಮೇಲೆ ಎರಡರ ಹೊಟ್ಟೆ, ಬಾಲದ ಬುಡ, ಕಿವಿ ನೋಡಿ. ಊತ ಅಥವಾ ಕೀವು ಕಂಡರೆ ಪಶುವೈದ್ಯರಿಗೆ ತೋರಿಸಿ. ಎರಡೂ ಗಂಡೇನಾ ಅಂತ ಖಾತ್ರಿ ಇಲ್ಲದಿದ್ದರೆ ಅದನ್ನೂ ಅಲ್ಲೇ ಕೇಳಿ. ಒಂದು ಹೆಣ್ಣಾಗಿದ್ದು ಆಗಲೇ ಗಬ್ಬವಾಗಿದ್ದರೆ, ಗಬ್ಬ ಕಟ್ಟಿದ 18ರಿಂದ 21 ದಿನದೊಳಗೆ ಮರಿ ಹಾಕುತ್ತದೆ.

ಎಷ್ಟೇ ಪಾಪ ಅನ್ನಿಸಿದರೂ ಮತ್ತೆ ಒಟ್ಟಿಗೆ ಬಿಡಬೇಡಿ. ರಕ್ತ ಬಂದ ಜೋಡಿ ಪುನಃ ಹೊಂದಿಕೊಂಡಿದ್ದನ್ನು ನಾನಂತೂ ನೋಡಿಲ್ಲ. ಒಂಟಿಯಾಗಿ ಕೊರಗುತ್ತವೆ ಅನ್ನುವ ಭಯ ಬೇಡ. ಬೇರೆ ಮಾಡಿದ ವಾರದೊಳಗೆ ನನ್ನವು ನೆಮ್ಮದಿಯಾಗಿ ಚಕ್ರದಲ್ಲಿ ಓಡತೊಡಗಿದವು. ಎರಡು ಪಂಜರಗಳ ನಡುವೆ ಮಾತ್ರ ಸ್ವಲ್ಪ ಅಂತರ ಬಿಡಿ.