ಗಂಗಾವತಿಯಿಂದ ಎಂ.ಎಸ್ಸಿ ನರ್ಸಿಂಗ್‌ಗೆ: ಊರು ಆಮೇಲೆ, ವಾರ್ಡ್ ಮೊದಲು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಗಂಗಾವತಿಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೀರಿ. ಬಿ.ಎಸ್ಸಿ ನರ್ಸಿಂಗ್ ಮುಗಿದು ಒಂದೂವರೆ ವರ್ಷ. ಎಂ.ಎಸ್ಸಿ ಮಾಡಬೇಕು ಅಂತಿದೆ. ಬೆಂಗಳೂರಿಗೆ ಹೋಗೋದಾ, ಬಳ್ಳಾರಿ–ರಾಯಚೂರಲ್ಲೇ ಮುಗಿಸೋದಾ ಅನ್ನೋದು ಗೊಂದಲ. ಅರ್ಜಿಗೆ ಏನೇನು ಬೇಕು ಅಂತಲೂ ಕೇಳಿದ್ದೀರಿ. ಜೊತೆಗೆ ಮನೆಯಲ್ಲಿ ಮದುವೆ ಮಾತು.

ನಾನು ಸಿಂಧನೂರು ಕಡೆಯವಳು. ಬಿ.ಎಸ್ಸಿ ಓದಿದ್ದು ರಾಯಚೂರಲ್ಲಿ, ಕೆಲಸ ಮಾಡಿದ್ದು ಬಳ್ಳಾರಿಯಲ್ಲಿ, ಎಂ.ಎಸ್ಸಿ ಬೆಂಗಳೂರಲ್ಲಿ. ಸ್ಪೆಷಾಲಿಟಿ ಚೈಲ್ಡ್ ಹೆಲ್ತ್. ಈಗ ಬಳ್ಳಾರಿಗೆ ವಾಪಸ್ ಬಂದು ಪಾಠ ಮಾಡುತ್ತಿದ್ದೇನೆ. ನಮ್ಮ ಕಡೆಯ ಹುಡುಗಿಯರು, ಹುಡುಗರು ವರ್ಷವರ್ಷ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬೆಂಗಳೂರಾ ಬಳ್ಳಾರಿಯಾ ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾವ ಕಾಲೇಜು ನೋಡುತ್ತಿದ್ದೀರೋ ಅವರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: "ಎರಡು ವರ್ಷ ನನ್ನ ಕ್ಲಿನಿಕಲ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಯಾವ ವಾರ್ಡಿನಲ್ಲಿ?" ಉತ್ತರ ತಡವರಿಸಿದರೆ ಆ ಕಾಲೇಜು ಬಿಡಿ. ಬೆಂಗಳೂರಿನ ಬೋರ್ಡ್ ಹಾಕಿಕೊಂಡು, ಮೂರು ಮಹಡಿ ಕಟ್ಟಡದಲ್ಲಿ ನಡೆಯುವ, ಸ್ವಂತ ಆಸ್ಪತ್ರೆಯೇ ಇಲ್ಲದ ಕಾಲೇಜುಗಳಿವೆ. ಅಲ್ಲಿನ ಮಕ್ಕಳು ಬೆಳಿಗ್ಗೆ ಬಸ್ ಹತ್ತಿ ಎಲ್ಲೋ ಒಂದು ನರ್ಸಿಂಗ್ ಹೋಮಿಗೆ ಹೋಗಿ, ನಿಂತು, ಲಾಗ್ ಬುಕ್‌ಗೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಅದಕ್ಕಿಂತ ನಮ್ಮ ಬಳ್ಳಾರಿಯ ವಿಮ್ಸ್ (ಹೆಸರು ಬದಲಾಗಿದೆ, ಆದರೆ ಆಟೋದವರಿಗೆ ವಿಮ್ಸ್ ಅಂದರೇ ಗೊತ್ತು) ಅಥವಾ ರಾಯಚೂರಿನ ರಿಮ್ಸ್‌ನಂತಹ ಆಸ್ಪತ್ರೆಯ ವಾರ್ಡಿನಲ್ಲಿ ನಿಂತರೆ ಕಲಿಯೋದು ಜಾಸ್ತಿ. ಸುತ್ತಲಿನ ತಾಲ್ಲೂಕುಗಳಿಂದ ರೆಫರ್ ಆಗಿ ಬರುವ ಕೇಸುಗಳು ಅಲ್ಲೇ ಬಂದು ಬೀಳುತ್ತವೆ. ತೂಕವೇ ಇಲ್ಲದ ಕೂಸು, ಹಾವು ಕಡಿದವರು, ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ರಕ್ತಹೀನತೆಯಿಂದ ಬೆಳ್ಳಗಾದ ಗರ್ಭಿಣಿ. ನಿಮಗೆ ಇದೇನು ಹೊಸದಲ್ಲ, ಅಲ್ವಾ?

ಹಾಗಾದರೆ ನಾನ್ಯಾಕೆ ಬೆಂಗಳೂರಿಗೆ ಹೋದೆ? ನನಗೆ ಮಕ್ಕಳ ಐಸಿಯು ಬೇಕಿತ್ತು. ಹೃದಯದಲ್ಲಿ ರಂಧ್ರ ಇರುವ ಮಗು ನಮ್ಮ ಹತ್ತಿರ ಬಂದಾಗೆಲ್ಲ ನಾವು ಆಕ್ಸಿಜನ್ ಹಾಕಿ, ಆಂಬ್ಯುಲೆನ್ಸ್ ಹತ್ತಿಸಿ ಕೈಮುಗಿಯುತ್ತಿದ್ದೆವು. ಆ ಮಗು ಮುಂದೆ ಎಲ್ಲಿಗೆ ಹೋಗುತ್ತದೆ, ಅಲ್ಲಿನ ನರ್ಸ್ ಏನು ಮಾಡುತ್ತಾಳೆ ಅನ್ನೋದು ನೋಡಬೇಕಿತ್ತು. ನೋಡಿದೆ. ಆಪರೇಷನ್ ಆದ ಮಗುವಿನ ಪಕ್ಕ ಸಾಲಾಗಿ ಸಿರಿಂಜ್ ಪಂಪ್‌ಗಳು. ಒಂದೊಂದರಲ್ಲಿ ಒಂದೊಂದು ಔಷಧಿ, ಗಂಟೆಗೆ ಒಂದು ಎಂಎಲ್‌ಗಿಂತ ಕಡಿಮೆ ವೇಗ. ಚೆಸ್ಟ್ ಡ್ರೈನ್ ಬಾಟಲಿಯ ಮೇಲೆ ಗಂಟೆಗೊಂದು ಗೆರೆ, ಪಕ್ಕದಲ್ಲಿ ಸಮಯ. ಆ ಗೆರೆಗಳ ನಡುವೆ ಅಂತರ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ರಕ್ತ ಸೋರುತ್ತಿದೆ. ಇದ್ದಕ್ಕಿದ್ದಂತೆ ಏನೂ ಬರದೆ ನಿಂತರೂ ಭಯವೇ, ಒಳಗೆ ರಕ್ತ ಹೆಪ್ಪುಗಟ್ಟಿ ಹೃದಯವನ್ನು ಒತ್ತುತ್ತಿರಬಹುದು. ಸೀನಿಯರ್ ಸಿಸ್ಟರ್ ಒಬ್ಬರು ಮಾನಿಟರ್ ನೋಡುವ ಮೊದಲು ಮಗುವಿನ ಪಾದ ಮುಟ್ಟಿ ನೋಡುತ್ತಿದ್ದರು. ತಣ್ಣಗಿದ್ದರೆ ಆಮೇಲೆ ಉಳಿದದ್ದು. ಇಂಥದ್ದು ನಿಮಗೆ ಬೇಕು ಅನಿಸಿದರೆ ಊರು ಬಿಡಿ. ಸುಮ್ನೆ "ಬೆಂಗಳೂರಲ್ಲಿ ಮಾಡಿದೆ" ಅಂತ ಹೇಳಿಕೊಳ್ಳೋದಕ್ಕಾದರೆ ಆ ಖರ್ಚು ದಂಡ.

ಸ್ಪೆಷಾಲಿಟಿ ಐದು: ಮೆಡಿಕಲ್ ಸರ್ಜಿಕಲ್, ಚೈಲ್ಡ್ ಹೆಲ್ತ್, ಒಬಿಜಿ (ಹೆರಿಗೆ, ಸ್ತ್ರೀರೋಗ), ಕಮ್ಯುನಿಟಿ ಹೆಲ್ತ್, ಮೆಂಟಲ್ ಹೆಲ್ತ್. ಮೆಡಿಕಲ್ ಸರ್ಜಿಕಲ್ ಒಳಗೆ ಮತ್ತೆ ಹೃದಯ, ನರ, ಕ್ಯಾನ್ಸರ್, ಕಿಡ್ನಿ, ಕ್ರಿಟಿಕಲ್ ಕೇರ್ ಅಂತ ಕವಲುಗಳಿವೆ. ಮೆಂಟಲ್ ಹೆಲ್ತ್ ಬೇಕಿದ್ದರೆ ನಿಮ್ಹಾನ್ಸ್‌ಗೆ ಪ್ರಯತ್ನ ಮಾಡದೆ ಬೇರೆ ಕಡೆ ಸೇರಬೇಡಿ. ಅಲ್ಲಿಗೆ ಅರ್ಜಿಯೂ ಬೇರೆ, ಪ್ರವೇಶ ಪರೀಕ್ಷೆಯೂ ಬೇರೆ. ನೀವು ಐಸಿಯುದಲ್ಲೇ ಕೆಲಸ ಮಾಡುತ್ತಿದ್ದು ಪಾಠ ಮಾಡುವ ಆಸೆ ಇಲ್ಲದಿದ್ದರೆ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಅಂತ ಇನ್ನೊಂದು ಎರಡು ವರ್ಷದ ಕೋರ್ಸಿದೆ. ಅದು ರೆಸಿಡೆನ್ಸಿ ಮಾದರಿ. ಕ್ಲಾಸಿಗಿಂತ ಬೆಡ್ ಪಕ್ಕದಲ್ಲಿ ಇರೋದೇ ಹೆಚ್ಚು.

ಈಗ ಅರ್ಹತೆ. ಬಿ.ಎಸ್ಸಿ ನರ್ಸಿಂಗ್ ಅಥವಾ ಡಿಪ್ಲೊಮಾ ಮೇಲೆ ಮಾಡುವ ಪೋಸ್ಟ್ ಬೇಸಿಕ್ ಬಿ.ಎಸ್ಸಿಯಲ್ಲಿ ಒಟ್ಟು ಶೇ 55 ಅಂಕ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಬಿ.ಎಸ್ಸಿ ಆದ ಮೇಲೆ ಒಂದು ವರ್ಷ ಕೆಲಸ. ಇದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹಾಕಿರುವ ಗೆರೆ. ಏಮ್ಸ್‌ನಂಥ ಕೆಲವು ಸಂಸ್ಥೆಗಳು ಅಂಕದ ಮಿತಿ ಇನ್ನೂ ಮೇಲಿಟ್ಟಿವೆ. ಒಂದು ವಿಷಯ ಗಮನಿಸಿ. ಅನುಭವವನ್ನು ಲೆಕ್ಕ ಹಾಕುವಾಗ ನೋಂದಣಿಯ ದಿನಾಂಕ ನೋಡುತ್ತಾರೆ. ರಿಜಿಸ್ಟ್ರೇಶನ್ ಬರುವ ಮೊದಲೇ ಡ್ಯೂಟಿಗೆ ಸೇರಿದ್ದರೆ ಆ ತಿಂಗಳುಗಳನ್ನು ನಂಬಿಕೊಳ್ಳಬೇಡಿ. ನಿಮಗೆ ಒಂದೂವರೆ ವರ್ಷ ಆಗಿದೆ ಅಂದಿರಿ, ಆದರೂ ದಿನಾಂಕ ಒಮ್ಮೆ ತೆಗೆದು ನೋಡಿ.

ಅರ್ಜಿ ಹಾಕುವ ದಾರಿ ಒಂದೇ ಅಲ್ಲ. ಸರ್ಕಾರಿ ಕೋಟಾ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನ ಮೇಲೆ ಕಣ್ಣಿಡಿ. ಮಣಿಪಾಲ, ಬೆಳಗಾವಿಯ ಕೆಎಲ್‌ಇ ತರಹದ ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಅವರವರದೇ ಅರ್ಜಿ. ಏಮ್ಸ್, ವೆಲ್ಲೂರಿನ ಸಿಎಂಸಿಗೂ ಹಾಗೇ. ಮ್ಯಾನೇಜ್‌ಮೆಂಟ್ ಸೀಟಿಗೆ ಕಾಲೇಜಿನವರೇ ಮಾತಾಡುತ್ತಾರೆ, ಆದರೆ ದುಡ್ಡು ಕಟ್ಟುವ ಮೊದಲು ಮೂರು ವಿಷಯ ನೋಡಿ. ಆರ್‌ಜಿಯುಎಚ್‌ಎಸ್ (ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಅಫಿಲಿಯೇಶನ್ ಆ ವರ್ಷಕ್ಕೆ, ಆ ಸ್ಪೆಷಾಲಿಟಿಗೆ ಇದೆಯಾ? ರಾಜ್ಯ ಕೌನ್ಸಿಲ್ ಒಪ್ಪಿಗೆ ಇದೆಯಾ? ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿದೆಯಾ? ಕರ್ನಾಟಕದಲ್ಲಿ ಈ ಮೂರನೆಯದರ ಬಗ್ಗೆ ಕೋರ್ಟಿನವರೆಗೂ ಜಗಳ ನಡೆದಿದೆ. ಆದರೆ ಮುಂದೆ ಹೊರರಾಜ್ಯಕ್ಕೋ ವಿದೇಶಕ್ಕೋ ಹೋಗುವ ಮನಸ್ಸಿದ್ದರೆ ಆ ಹೆಸರು ಇರೋದೇ ಒಳ್ಳೆಯದು.

ನಿಮಗೆ ಇನ್ನೊಂದು ಬಲ ಇದೆ, ಬಹಳ ಜನ ಅದನ್ನು ಅರ್ಧ ಮಾತ್ರ ಬಳಸುತ್ತಾರೆ. ಸಂವಿಧಾನದ 371(ಜೆ) ವಿಧಿ, ನಮ್ಮ ಕಡೆಯ ಜಿಲ್ಲೆಗಳವರಿಗೆ ಇರುವ ಮೀಸಲಾತಿ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟು ಅನ್ನೋದು ಎಲ್ಲರಿಗೂ ಗೊತ್ತು. ಹೊರಗಿನ, ಅಂದರೆ ಬೆಂಗಳೂರು, ಮೈಸೂರು ಕಡೆಯ ಸರ್ಕಾರಿ ಸೀಟುಗಳಲ್ಲೂ ನಮಗೆ ಶೇ 8 ಇದೆ. ಅದಕ್ಕೆ ಉಪವಿಭಾಗಾಧಿಕಾರಿ (ಎಸಿ) ಕೊಡುವ ಅರ್ಹತಾ ಪತ್ರ ಬೇಕು. ಗಂಗಾವತಿಯವರು ಕೊಪ್ಪಳದ ಎಸಿ ಆಫೀಸಿನದ್ದು ತರಬೇಕು. ನೋಟಿಫಿಕೇಶನ್ ಬಂದ ಮೇಲೆ ಓಡಿದರೆ ಆ ಕೌಂಟರ್ ಮುಂದೆ ನಿಮ್ಮಂಥವರದೇ ಜಾತ್ರೆ ಇರುತ್ತದೆ. ಈಗಲೇ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದ್ದು, ಅದರ ಆರ್‌ಡಿ ನಂಬರ್ (ಪತ್ರದ ಮೇಲಿರುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಕರ್ನಾಟಕದಲ್ಲೇ ಓದಿದ್ದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ ಸಹಿ ಹಾಕಿಸಿ. ಹೆಸರಿನ ಸ್ಪೆಲಿಂಗ್ ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ನರ್ಸಿಂಗ್ ರಿಜಿಸ್ಟ್ರೇಶನ್ ಮೂರರಲ್ಲೂ ಒಂದೇ ಇದೆಯಾ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಇರೋದು ಮಾಮೂಲಿ.

ಅನುಭವ ಪತ್ರದ ಬಗ್ಗೆ ಬೇರೆಯಾಗೇ ಹೇಳಬೇಕು. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆ ಸೇರುವಾಗಲೇ ನನ್ನ ಒರಿಜಿನಲ್ ಅಂಕಪಟ್ಟಿ ಇಸಿದುಕೊಂಡಿತ್ತು. ಓದೋಕೆ ಹೋಗುತ್ತೇನೆ ಅಂದಾಗ "ಬದಲಿ ನರ್ಸ್ ಸಿಗಲಿ, ಆಮೇಲೆ ನೋಡೋಣ" ಅಂತ ತಿಂಗಳುಗಟ್ಟಲೆ ಸತಾಯಿಸಿದರು. ಬಾಯಿಮಾತಿನಲ್ಲಿ ಕೇಳುವಷ್ಟು ದಿನ ಏನೂ ಆಗಲಿಲ್ಲ. ರಾಜೀನಾಮೆ ಮತ್ತು ದಾಖಲೆ ವಾಪಸ್ ಕೇಳಿ ಎರಡು ಪ್ರತಿ ಪತ್ರ ಬರೆದು, ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡ ಮೇಲೆ ಕೆಲಸ ಆಯಿತು. ನಿಮ್ಮ ಒರಿಜಿನಲ್ಸ್ ಎಲ್ಲಿವೆ? ಆಸ್ಪತ್ರೆಯ ಬೀರುವಿನಲ್ಲಿದ್ದರೆ ಇವತ್ತಿಂದಲೇ ಶುರು ಮಾಡಿ. ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೆಲಸ ಮಾಡಿದ ವಾರ್ಡು, ಆಸ್ಪತ್ರೆಯ ಬೆಡ್ ಸಂಖ್ಯೆ ಇಷ್ಟೂ ಇರಲಿ. "ಈಕೆ ಒಳ್ಳೆ ನಡತೆಯವಳು" ಅನ್ನುವ ಸಾಲು ಇದ್ದರೂ ಸರಿ, ಬಿಟ್ಟರೂ ಸರಿ.

ಹೊರರಾಜ್ಯಕ್ಕೆ ಹೋಗುವುದಾದರೆ ಆರ್‌ಜಿಯುಎಚ್‌ಎಸ್‌ನಿಂದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಆ ರಾಜ್ಯದ ಕೌನ್ಸಿಲ್‌ನಲ್ಲೂ ನೋಂದಣಿ ಕೇಳುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ.

ಇನ್ನು ಏಜೆಂಟರು. ಗಂಗಾವತಿ, ಸಿಂಧನೂರು, ಸಿರುಗುಪ್ಪದಲ್ಲಿ ಇವರಿಲ್ಲದ ಬೀದಿ ಇಲ್ಲ. "ಮೇಡಂ, ನಾನ್ ಅಟೆಂಡಿಂಗ್ ಸೀಟಿದೆ, ಇಲ್ಲೇ ಡ್ಯೂಟಿ ಮಾಡ್ಕೊಂಡಿರಿ, ಪರೀಕ್ಷೆಗೆ ಬಂದ್ರೆ ಸಾಕು" ಅಂತಾರೆ. ಎಂ.ಎಸ್ಸಿ ನರ್ಸಿಂಗ್ ರೆಗ್ಯುಲರ್ ಕೋರ್ಸ್. ಥಿಯರಿ, ಪ್ರಾಕ್ಟಿಕಲ್ ಎರಡಕ್ಕೂ ಶೇ 80 ಹಾಜರಿ ಇರಬೇಕು, ಡಿಗ್ರಿ ಕೊಡುವ ಮೊದಲು ಪ್ರಾಕ್ಟಿಕಲ್ ಪೂರ್ತಿ ಮುಗಿದಿರಬೇಕು. ಹಾಜರಾಗದೆ ಡಿಗ್ರಿ ತಂದವರು ಟ್ಯೂಟರ್ ಇಂಟರ್‌ವ್ಯೂಗೆ ನಮ್ಮ ಮುಂದೆ ಕೂತಿರುತ್ತಾರೆ. ನವಜಾತ ಶಿಶುವಿನ ಫ್ಲೂಯಿಡ್ ಲೆಕ್ಕ ಕೇಳಿದರೆ ಮುಖ ಕೆಳಗೆ. ನನಗೆ ಅವರ ಮೇಲೆ ಸಿಟ್ಟಿಲ್ಲ, ಎರಡು ವರ್ಷ ದುಡಿದು ಆ ದುಡ್ಡು ಕಟ್ಟಿದ್ದಾರೆ. ಆದರೆ ಅಂಥವರ ಕೈಗೆ ಬಿ.ಎಸ್ಸಿ ಮಕ್ಕಳನ್ನು ಕೊಡೋಕೆ ಮನಸ್ಸು ಬರೋದಿಲ್ಲ.

ಸೇರಿದ ಮೇಲೆ ಮೊದಲ ವರ್ಷ ನರ್ಸಿಂಗ್ ಎಜುಕೇಶನ್, ಅಡ್ವಾನ್ಸ್ಡ್ ನರ್ಸಿಂಗ್ ಪ್ರಾಕ್ಟೀಸ್, ರಿಸರ್ಚ್ ಮತ್ತು ಸ್ಟ್ಯಾಟಿಸ್ಟಿಕ್ಸ್, ನಿಮ್ಮ ಸ್ಪೆಷಾಲಿಟಿ. ಎರಡನೇ ವರ್ಷ ಮ್ಯಾನೇಜ್‌ಮೆಂಟ್, ಮತ್ತೆ ಸ್ಪೆಷಾಲಿಟಿ, ಡಿಸರ್ಟೇಶನ್ (ಸಂಶೋಧನಾ ಪ್ರಬಂಧ). ಎಲ್ಲರೂ ನರಳೋದು ಈ ಡಿಸರ್ಟೇಶನ್‌ಗೆ. ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಸೇರಿದ ಕೆಲವೇ ತಿಂಗಳಲ್ಲಿ ಕೊಡಬೇಕು, ಅಷ್ಟರಲ್ಲಿ ಹಾಸ್ಟೆಲ್ ದಾರಿಯೂ ಸರಿಯಾಗಿ ಗೊತ್ತಾಗಿರೋದಿಲ್ಲ. ಆಮೇಲೆ ಎಥಿಕ್ಸ್ ಕಮಿಟಿ, ಟೂಲ್ (ಪ್ರಶ್ನಾವಳಿ) ವ್ಯಾಲಿಡೇಶನ್‌ಗೆ ಎಕ್ಸ್‌ಪರ್ಟ್‌ಗಳ ಬೆನ್ನು ಹತ್ತೋದು, ಪೈಲಟ್ ಸ್ಟಡಿ, ಡೇಟಾ. ಅದಕ್ಕೇ ಸೇರುವ ಮೊದಲು ಆ ವಿಭಾಗದಲ್ಲಿ ಮಾನ್ಯತೆ ಪಡೆದ ಗೈಡ್ ಯಾರಿದ್ದಾರೆ, ಅವರ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ ಅಂತ ಈಗ ಓದುತ್ತಿರುವ ಸೀನಿಯರ್‌ಗಳನ್ನೇ ಕೇಳಿ. ಕಾಲೇಜಿನ ಆಫೀಸಿನಲ್ಲಿ ಕೇಳಿದರೆ ಎಲ್ಲವೂ ಚೆನ್ನಾಗೇ ಇರುತ್ತದೆ. ಖರ್ಚಿನಲ್ಲೂ ಇದನ್ನು ಮರೆಯಬೇಡಿ: ಟೂಲ್ ಪ್ರಿಂಟ್, ಸ್ಟ್ಯಾಟಿಸ್ಟಿಷಿಯನ್ ಫೀ, ಬೈಂಡಿಂಗ್. ಫೀ ಪಟ್ಟಿಯಲ್ಲಿ ಇವು ಕಾಣೋದಿಲ್ಲ.

ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ) ಪೋರ್ಟಲ್. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ನೋಡಿ, ಊಟ, ವಸತಿಗೆ ತಿಂಗಳಿಗಿಷ್ಟು ಅಂತ ಸಹಾಯಧನ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದು ಬಾಡಿಗೆಯ ಒಂದು ಮೂಲೆಗೂ ಸಾಲದು, ಆದರೂ ಬಿಡಬೇಡಿ.

ಮನೆ ಬದಲಿಸುವ ವಿಷಯ ಜಾಸ್ತಿ ಹೇಳೋದಿಲ್ಲ, ಅದು ಹೇಗೋ ಆಗುತ್ತದೆ. ಕಾಲೇಜ್ ಹಾಸ್ಟೆಲ್ ಸಿಕ್ಕರೆ ಮೊದಲ ವರ್ಷ ಅಲ್ಲೇ ಇರಿ. ಪಿಜಿ ಹಿಡಿಯುವುದಾದರೆ ಗೇಟ್ ಎಷ್ಟಕ್ಕೆ ಹಾಕುತ್ತಾರೆ ಅಂತ ಕೇಳಿ. ಈವ್ನಿಂಗ್ ಪೋಸ್ಟಿಂಗ್ ಮುಗಿಸಿ ಬರುವ ಹೊತ್ತಿಗೆ ಬೀಗ ಬಿದ್ದಿದ್ದರೆ ಕಷ್ಟ. ಕಡಕ್ ರೊಟ್ಟಿ, ಶೇಂಗಾ ಪುಡಿ ಕಟ್ಟಿಕೊಂಡು ಹೋಗಿ, ಪಿಜಿ ಸಾರಿನ ನೀರಿಗೆ ಅದೇ ಗತಿ. ಓಡಾಟಕ್ಕೆ ಹಂಪಿ ಎಕ್ಸ್‌ಪ್ರೆಸ್ ಇದೆ, ಹೊಸಪೇಟೆಯಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೆಣ್ಣುಮಕ್ಕಳಿಗೆ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ಸ್ಲೀಪರ್‌ಗೆ ಮತ್ತು ಎಸಿ, ರಾಜಹಂಸದಂಥ ಬಸ್ಸುಗಳಿಗೆ ಅನ್ವಯಿಸೋದಿಲ್ಲ. ನಾನು ಓದುವಾಗ ಅದಿರಲಿಲ್ಲ ನೋಡಿ.

ಮನೆಯವರ ವಿಷಯ. "ಇನ್ನೂ ಎಷ್ಟು ಓದ್ತೀಯವ್ವಾ" ಅನ್ನೋದು ನಮ್ಮ ಮನೆಯಲ್ಲೂ ಇತ್ತು. ನಾನು ವಾದ ಮಾಡಲಿಲ್ಲ. ಅಪ್ಪನನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ ಕಾಲೇಜು, ಹಾಸ್ಟೆಲ್, ವಾರ್ಡನ್ ಎಲ್ಲ ತೋರಿಸಿದೆ. ವಾರ್ಡನ್ ಲಿಂಗಸುಗೂರಿನವರು ಅಂತ ಗೊತ್ತಾದ ಮೇಲೆ ಅಪ್ಪ ಮತ್ತೇನೂ ಕೇಳಲಿಲ್ಲ. ಗಂಡು ನೋಡುತ್ತಿದ್ದರೆ ಎರಡು ವರ್ಷದ ಓದು ಇದೆ ಅಂತ ಮೊದಲೇ ಹೇಳಿಬಿಡಿ. ನಿಶ್ಚಯ ಆದ ಮೇಲೆ ಹೇಳಿದರೆ ರಂಪ.

ಒಂದು ವಿಷಯ ನೀವು ಬರೆದೇ ಇಲ್ಲ, ಯಾವ ಸ್ಪೆಷಾಲಿಟಿ ಅಂತ. ಕಮ್ಯುನಿಟಿ ಹೆಲ್ತ್ ಅಥವಾ ಒಬಿಜಿ ಆಗಿದ್ದರೆ ನಾನು ಖಂಡಿತ ಇಲ್ಲೇ ಇರಿ ಅನ್ನುತ್ತೇನೆ. ನಿಮ್ಮ ಫೀಲ್ಡ್ ಇರೋದೇ ಇಲ್ಲಿ. ಆಶಾ ಕಾರ್ಯಕರ್ತೆಯರ ಪರಿಚಯ ಇದೆ, ತಾಯಂದಿರ ಮಾತು ಅರ್ಥವಾಗುತ್ತದೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅನುಮತಿ ತೆಗೆದುಕೊಂಡು ಕಾರಟಗಿ, ಕನಕಗಿರಿಯ ಪಿಎಚ್‌ಸಿಗಳಲ್ಲೇ ಡೇಟಾ ಮಾಡಬಹುದು. ಮಕ್ಕಳ ಐಸಿಯು, ಹೃದಯ, ನರರೋಗ, ಕ್ಯಾನ್ಸರ್ ಆಗಿದ್ದರೆ ಹೊರಡಿ. ಸ್ಪೆಷಾಲಿಟಿ ತಿಳಿಸಿ, ಆ ವಿಭಾಗದಲ್ಲಿ ನನಗೆ ಗೊತ್ತಿರುವ ಪೋಸ್ಟಿಂಗ್‌ಗಳ ಬಗ್ಗೆ ಕೆಳಗೆ ಬರೆಯುತ್ತೇನೆ.