ಓದುಗರ ಪ್ರಶ್ನೆ: ಹೊರದೇಶದ ಫೆಲೋಶಿಪ್ ನನ್ನಂಥವರಿಗೆ ಸಿಗುತ್ತಾ?

ಹೊರದೇಶದಲ್ಲಿ ಓದು ಮತ್ತು ಸಂಶೋಧನೆ ಮಾಡಲು ಸಿಗುವ ಫೆಲೋಶಿಪ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ಮಾತು: ನನ್ನಂಥವರಿಗೆ ಸಿಗುತ್ತಾ? ಸಿಗುತ್ತದೆ. ನಾನೂ ತಾಲ್ಲೂಕು ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಮೊದಲ ಅರ್ಜಿ ಬಿದ್ದುಹೋಯಿತು, ಎರಡನೇ ಸಲ ಸಿಕ್ಕಿತು, ಒಂಬತ್ತು ತಿಂಗಳು ಅಮೆರಿಕದಲ್ಲಿ ಇದ್ದು ಬಂದೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಧಾರವಾಡದಲ್ಲಿ ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆ ಇಲ್ಲಿ ನಡೆಸಿದ ಶಾಲೆಗಳು ನನ್ನ ವಿಷಯ. ಮುಖ್ಯ ದಾಖಲೆಗಳು ಸ್ವಿಟ್ಜರ್ಲೆಂಡಿನಲ್ಲಿವೆ ಅಂತ ಗೈಡ್ ಹೇಳುತ್ತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಫುಲ್‌ಬ್ರೈಟ್‌ಗೆ ಅರ್ಜಿ ಹಾಕಲಾ?

ಬೇಡ. ಫುಲ್‌ಬ್ರೈಟ್ ಅಮೆರಿಕದ ಫೆಲೋಶಿಪ್, ನಿಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತದೆ, ನಿಮಗೆ ಬೇಕಾದ ಕಾಗದ ಇರುವುದು ಬಾಸೆಲ್ ಊರಿನಲ್ಲಿ. ಹೆಸರು ಕೇಳಿದ್ದೇವೆ ಅನ್ನುವ ಕಾರಣಕ್ಕೆ ಅರ್ಜಿ ಹಾಕಿ ಒಂದು ವರ್ಷ ಕಳೆದುಕೊಳ್ಳುವವರು ತುಂಬಾ ಜನ. ನಾನು ಮೊದಲ ಸಲ ಮಾಡಿದ್ದೂ ಅದನ್ನೇ.

ನಿಮ್ಮ ವಿಷಯ ಮಾತ್ರ ಬಹಳ ಒಳ್ಳೆಯದು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷದಲ್ಲಿ ಧಾರವಾಡಕ್ಕೂ ಬಂದರು. ಅವರಲ್ಲಿ ಒಬ್ಬರಾದ ಮೊಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ತಂದದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮಗೆಲ್ಲ ಗೊತ್ತು. ಆದರೆ ಇಲ್ಲಿದ್ದ ಮಿಷನರಿಗಳು ತಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದರು, ಯಾರು ಬಿಟ್ಟು ಹೋದರು, ಊರವರು ಯಾಕೆ ಜಗಳ ತೆಗೆದರು ಅಂತ ತಮ್ಮ ಕೇಂದ್ರಕ್ಕೆ ಬರೆದು ಕಳಿಸುತ್ತಿದ್ದ ವರದಿಗಳು ಬಾಸೆಲ್‌ನ ದಾಖಲೆ ಸಂಗ್ರಹದಲ್ಲಿವೆ. ಅಲ್ಲಿಗೇ ಯಾಕೆ ಹೋಗಬೇಕು ಅಂತ ಆಯ್ಕೆ ಸಮಿತಿ ಕೇಳುತ್ತದಲ್ವಾ, ಅದಕ್ಕೆ ನಿಮ್ಮ ಹತ್ತಿರ ಇಷ್ಟು ಗಟ್ಟಿ ಉತ್ತರ ಇದೆ. ಹೆಚ್ಚಿನ ಅರ್ಜಿಗಳು ಬೀಳುವುದು ಈ ಒಂದು ಪ್ರಶ್ನೆಯಲ್ಲೇ. ಅಲ್ಲಿ ಲೈಬ್ರರಿ ದೊಡ್ಡದಿದೆ, ಪ್ರೊಫೆಸರ್ ಪ್ರಸಿದ್ಧರು ಅಂತ ಬರೆದರೆ ಸಾಲದು, ಆ ಮಾತನ್ನು ಯಾವ ವಿಷಯದವರೂ ಬರೆಯಬಹುದು.

ಆದರೆ ಒಂದು ಅಡ್ಡಿ ಇದೆ. ಆ ಹಳೆಯ ವರದಿಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲಿವೆ, ಅದೂ ಕುರೆಂಟ್ ಅನ್ನುವ ಹಳೆಯ ಕೈಬರಹದಲ್ಲಿ. ಇವತ್ತಿನ ಜರ್ಮನ್ನರೇ ಅದನ್ನು ಕಲಿಯದೆ ಓದಲಾರರು. ಹಾಗಾಗಿ ನಿಮ್ಮ ಇಂಗ್ಲಿಷ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ, ಜರ್ಮನ್ ಬಗ್ಗೆ ಇದೆ. ಈಗಿನಿಂದಲೇ ಶುರು ಮಾಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ, ಆನ್‌ಲೈನ್‌ನಲ್ಲೂ ಕಲಿಯಬಹುದು. ಜೊತೆಗೆ ಇಲ್ಲಿ ಇರುವುದನ್ನು ಮೊದಲು ನೋಡಿ ಮುಗಿಸಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಇದೆ. ಬಾಸೆಲ್‌ನ ಸಂಗ್ರಹದ ಸಾವಿರಾರು ಹಳೆಯ ಫೋಟೊಗಳು ಅಂತರ್ಜಾಲದಲ್ಲೇ ಸಿಗುತ್ತವೆ. "ಇಷ್ಟು ಇಲ್ಲಿ ನೋಡಿದ್ದೇನೆ, ಉಳಿದದ್ದು ಅಲ್ಲಿ ಮಾತ್ರ ಇದೆ" ಅಂತ ಬರೆಯಲು ಸಾಧ್ಯವಾದರೆ ಅರ್ಧ ಕೆಲಸ ಆಯಿತು.

ನೀವು ನೋಡಬೇಕಾದ್ದು ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್. ತಮ್ಮ ದೇಶದಲ್ಲಿ ಪಿಎಚ್‌.ಡಿ. ಮಾಡುತ್ತಿರುವವರು ಸಂಶೋಧನೆಗಾಗಿ ಹನ್ನೆರಡು ತಿಂಗಳವರೆಗೆ ಅಲ್ಲಿ ಇದ್ದು ಬರಲು ಅದರಲ್ಲಿ ಒಂದು ದಾರಿ ಇದೆ. ಅಲ್ಲಿನ ಪ್ರೊಫೆಸರ್ ಒಬ್ಬರು ನಿಮ್ಮ ಕೆಲಸಕ್ಕೆ ಬೆಂಬಲ ಇದೆ ಅಂತ ಪತ್ರ ಕೊಡಬೇಕು. ಜರ್ಮನಿಯ ಡಾಡ್ (DAAD) ಸಂಸ್ಥೆ ಕೆಲವೇ ತಿಂಗಳ ಸಂಶೋಧನೆಗೂ ಹಣ ಕೊಡುತ್ತದೆ. ಕಿಟ್ಟೆಲ್ ಕೊನೆಗಾಲ ಕಳೆದದ್ದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ಅಲ್ಲಿನ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು. ಹಾಗಾಗಿ ಆ ದಾರಿಯನ್ನೂ ಬಿಡಬೇಡಿ.

ಆ ಬೆಂಬಲದ ಪತ್ರ ಹೇಗೆ ಸಿಗುತ್ತದೆ ಅಂತ ನೀವು ಕೇಳಿಲ್ಲ, ಆದರೆ ಎಲ್ಲರೂ ಎಡವುವುದು ಅಲ್ಲೇ. ಒಂದೇ ಮೇಲ್ ಬರೆದು ನಲವತ್ತು ಜನಕ್ಕೆ ಕಳಿಸಬೇಡಿ, ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮೂರ್ನಾಲ್ಕು ಜನರನ್ನು ಆರಿಸಿ, ಅವರು ಬರೆದದ್ದನ್ನು ನಿಜವಾಗಿ ಓದಿ. ಆಮೇಲೆ ಹದಿನೈದು ಸಾಲು ಸಾಕು: ನಾನು ಇಂಥವನು, ನನ್ನ ಪ್ರಶ್ನೆ ಇದು, ಇಷ್ಟು ಕೆಲಸ ಆಗಿದೆ, ನಿಮ್ಮ ಇಂಥ ಲೇಖನದಲ್ಲಿ ಹೇಳಿದ ಈ ಮಾತು ನನ್ನ ದಾಖಲೆಗಳ ಜೊತೆ ಹೊಂದುವುದಿಲ್ಲ ಅನ್ನಿಸುತ್ತದೆ, ಅಲ್ಲಿಗೆ ಬಂದು ಈ ಕಡತಗಳನ್ನು ನೋಡಬೇಕು. ಖರ್ಚನ್ನು ಸ್ಕಾಲರ್‌ಶಿಪ್ ನೋಡಿಕೊಳ್ಳುತ್ತದೆ, ನಿಮ್ಮಿಂದ ಬೇಕಾದ್ದು ಒಂದು ಪತ್ರ ಅಂತ ಸ್ಪಷ್ಟವಾಗಿ ಹೇಳಿ, ಯಾಕೆಂದರೆ ಹಣ ಕೇಳುತ್ತಿದ್ದಾರೇನೋ ಅಂದುಕೊಂಡು ಎಷ್ಟೋ ಜನ ಉತ್ತರವನ್ನೇ ಬರೆಯುವುದಿಲ್ಲ. ಹೊಗಳಿಕೆ ಬೇಡ. ಎರಡು ವಾರ ಕಾದು ಒಮ್ಮೆ ನೆನಪಿಸಿ. ನನಗೆ ಆರನೇ ಮೇಲ್‌ಗೆ ಉತ್ತರ ಬಂದಿತ್ತು, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಗದಗ ಜಿಲ್ಲೆಯ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕ, ವಯಸ್ಸು 42. ಪಿಎಚ್‌.ಡಿ. ಆಗಿ ಎಂಟು ವರ್ಷವಾಯಿತು. ಇಂಥದ್ದೆಲ್ಲ ಐಐಎಸ್‌ಸಿ, ಜೆಎನ್‌ಯುದವರಿಗೆ ಮಾತ್ರ ಅನ್ನುತ್ತಾರೆ ಗೆಳೆಯರು. ನಿಜವೇ? ರಜೆ ಸಿಗುತ್ತದೆಯೇ?

ನಿಜ ಅಲ್ಲ ಸರ್. 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾ, ಬಿಡುವಿನಲ್ಲಿ ಜನಪದ ಕಥೆ ಕೂಡಿಹಾಕುತ್ತಿದ್ದ ಮೇಷ್ಟ್ರೊಬ್ಬರು 1959ರಲ್ಲಿ ಫುಲ್‌ಬ್ರೈಟ್ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರು ಎ. ಕೆ. ರಾಮಾನುಜನ್. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ಹೋದ ಯು. ಆರ್. ಅನಂತಮೂರ್ತಿ ಅವರೂ ಹೊರಡುವ ಮೊದಲು ಇಲ್ಲಿ ಇಂಗ್ಲಿಷ್ ಮೇಷ್ಟ್ರೇ. ಅವರೆಲ್ಲ ದೊಡ್ಡವರು ಅಂತ ಈಗ ಅನ್ನಿಸುತ್ತದೆ, ಅರ್ಜಿ ಹಾಕುವಾಗ ಅವರೂ ಪಾಠ ಹೇಳುವ ತರುಣರಷ್ಟೆ.

ಫುಲ್‌ಬ್ರೈಟ್ ಬಗ್ಗೆ ಒಂದೆರಡು ಮಾತು ಗೊತ್ತಿರಲಿ. ಎರಡನೇ ಮಹಾಯುದ್ಧ ಮುಗಿದಾಗ ಹೊರದೇಶಗಳಲ್ಲಿ ಉಳಿದಿದ್ದ ಅಮೆರಿಕದ ಯುದ್ಧ ಸಾಮಗ್ರಿ ಮಾರಿ ಬಂದ ಹಣದಿಂದ ವಿದ್ಯಾರ್ಥಿಗಳನ್ನು ಆಚೆ ಈಚೆ ಕಳಿಸೋಣ ಅಂತ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ 1946ರಲ್ಲಿ ಕಾನೂನು ತಂದರು. ಭಾರತದ ಜೊತೆ ಒಪ್ಪಂದ ಆದದ್ದು 1950ರ ಫೆಬ್ರುವರಿ 2ರಂದು, ನೆಹರೂ ಅವರೇ ಸಹಿ ಹಾಕಿದ್ದರು. 2008ರ ಹೊಸ ಒಪ್ಪಂದದಲ್ಲಿ ನಮ್ಮ ಸರ್ಕಾರವೂ ಹಣ ಹಾಕಲು ಒಪ್ಪಿತು, ಹೆಸರು ಫುಲ್‌ಬ್ರೈಟ್-ನೆಹರೂ ಆಯಿತು. ಅಂದರೆ ಇದರಲ್ಲಿ ನಿಮ್ಮ ತೆರಿಗೆಯ ಪಾಲೂ ಇದೆ, ಹಿಂಜರಿಯುವುದು ಯಾಕೆ? ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಯುಸಿಫ್ (USIEF) ಸಂಸ್ಥೆ. ಮುಖ್ಯ ಕಚೇರಿ ದೆಹಲಿಯಲ್ಲಿದೆ, ನಮ್ಮ ರಾಜ್ಯವನ್ನು ನೋಡಿಕೊಳ್ಳುವುದು ಚೆನ್ನೈ ಕಚೇರಿ.

ಫುಲ್‌ಬ್ರೈಟ್‌ನ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಪಿಎಚ್‌.ಡಿ. ಆಗಿ ನಾಲ್ಕು ವರ್ಷದೊಳಗಿನವರಿಗೆ, ಅದು ನಿಮಗೆ ದಾಟಿಹೋಯಿತು. ನಿಮಗೆ ಸರಿಹೊಂದುವುದು ಅಕಾಡೆಮಿಕ್ ಅಂಡ್ ಪ್ರೊಫೆಷನಲ್ ಎಕ್ಸಲೆನ್ಸ್ ಫೆಲೋಶಿಪ್. ಕನಿಷ್ಠ ಐದು ವರ್ಷ ಪಾಠ ಅಥವಾ ಸಂಶೋಧನೆ ಮಾಡಿರಬೇಕು. ನಾಲ್ಕರಿಂದ ಒಂಬತ್ತು ತಿಂಗಳು ಅಲ್ಲಿ ಪಾಠ ಹೇಳಬಹುದು, ಸಂಶೋಧನೆ ಮಾಡಬಹುದು, ಎರಡನ್ನೂ ಮಾಡಬಹುದು. ಪ್ರತಿ ತಿಂಗಳು ಖರ್ಚಿಗೆ ಹಣ, ಹೋಗಿ ಬರುವ ವಿಮಾನ, ಆರೋಗ್ಯ ವಿಮೆ ಎಲ್ಲ ಸೇರಿರುತ್ತದೆ.

ರಜೆಯ ವಿಷಯ ಕಷ್ಟ, ಸುಳ್ಳು ಹೇಳುವುದಿಲ್ಲ. ಕೆಲಸದಲ್ಲಿರುವವರು ಸಂಸ್ಥೆಯ ಒಪ್ಪಿಗೆ ಪತ್ರ ಕೊಡಬೇಕು. ನನ್ನ ಮೊದಲ ಅರ್ಜಿಯ ಕಾಲದಲ್ಲಿ ಆಗಿನ ಕಾಲೇಜಿನ ಕಚೇರಿಯಲ್ಲಿ ಕಡತ ಏಳು ವಾರ ಒಂದೇ ಮೇಜಿನ ಮೇಲೆ ಕೂತಿತ್ತು, ಕೊನೇ ದಿನದ ಹಿಂದಿನ ಸಂಜೆ ಸಹಿ ಆಯಿತು. ಪತ್ರಕ್ಕಾಗಿ ಓಡಾಡುವುದರಲ್ಲೇ ಆ ಸಲದ ಪ್ರಸ್ತಾವ ಅರೆಬೆಂದು ಹೋಯಿತು, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಆದ್ದರಿಂದ ಅರ್ಜಿ ತೆರೆಯುವ ಮೊದಲೇ ಪ್ರಾಂಶುಪಾಲರ ಹತ್ತಿರ ಮಾತಾಡಿ. ಪಾಸ್‌ಪೋರ್ಟಿಗೆ ಎನ್‌ಒಸಿ ಬೇರೆ, ಹೊರದೇಶಕ್ಕೆ ಹೋಗಲು ಅನುಮತಿ ಬೇರೆ, ರಜೆ ಮಂಜೂರಾತಿ ಬೇರೆ, ಮೂರನ್ನೂ ಬರಹದಲ್ಲಿ ಕೇಳಿ. ಅರ್ಜಿಯಿಂದ ಹೊರಡುವ ತನಕ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ, ಹಾಗಾಗಿ ಸಮಯ ಇದೆ.

ಇನ್ನೊಂದು. ಈ ಫೆಲೋಶಿಪ್‌ಗೆ ಸಿಗುವುದು ವಿನಿಮಯದ ಮೇಲೆ ಹೋಗುವವರಿಗೆ ಕೊಡುವ ಜೆ-1 ವೀಸಾ. ಮುಗಿದ ಮೇಲೆ ಎರಡು ವರ್ಷ ಭಾರತದಲ್ಲೇ ಇರಬೇಕು, ಆಮೇಲೆಯೇ ಅಲ್ಲಿ ಕೆಲಸದ ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಪಡೆಯಬಹುದು. ನಿಮ್ಮಂತೆ ವಾಪಸ್ ಬಂದು ಪಾಠ ಹೇಳುವವರಿಗೆ ಇದು ತೊಡಕಲ್ಲ. 2025ರಲ್ಲಿ ಅಲ್ಲಿನ ಸರ್ಕಾರ ಇಂಥ ವಿನಿಮಯಗಳ ಹಣವನ್ನು ಕೆಲಕಾಲ ತಡೆದಿತ್ತು, ಜೂನ್‌ನಲ್ಲಿ ಫುಲ್‌ಬ್ರೈಟ್ ಮಂಡಳಿಯ ಹೆಚ್ಚುಕಡಿಮೆ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು. ಹಾಗಾಗಿ ಒಂದನ್ನೇ ನಂಬಿ ಕೂರಬೇಡಿ, ಬೇರೆ ದೇಶದ ಎರಡು ಅರ್ಜಿಗಳೂ ಜೊತೆಗಿರಲಿ.

ಪ್ರಶ್ನೆ: ರಾಯಚೂರಿನವಳು, ಪರಿಶಿಷ್ಟ ಜಾತಿಗೆ ಸೇರಿದವಳು. ಎಂ.ಎ. ಆಗಿದೆ. ತತ್ವಪದಕಾರರ ಬಗ್ಗೆ ಲಂಡನ್ನಿನಲ್ಲಿ ಪಿಎಚ್‌.ಡಿ. ಮಾಡುವ ಆಸೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಸಿಗಬಹುದೇ?

ಈ ಪತ್ರ ಓದಿ ಸಂತೋಷವೂ ಆಯಿತು, ಸಿಟ್ಟೂ ಬಂತು. ಆ ಸ್ಕಾಲರ್‌ಶಿಪ್ ನಿಮ್ಮಂಥವರಿಗಾಗಿಯೇ ಇರುವುದು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, ವಯಸ್ಸು 35 ದಾಟಿರಬಾರದು, ಶೇ 60 ಅಂಕ ಬೇಕು. ಆದರೆ 2022ರಲ್ಲಿ ನಿಯಮ ಬದಲಾಯಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಕೊಡುವುದಿಲ್ಲ ಅಂತ ಸೇರಿಸಿದರು. ಇಲ್ಲಿಯದನ್ನು ಇಲ್ಲೇ ಓದಿ ಅನ್ನುವುದು ಅವರ ವಾದ. ನನಗೆ ಅದು ತಪ್ಪು ಅನ್ನಿಸುತ್ತದೆ. ತತ್ವಪದವನ್ನು ಹಾಡಿ ಉಳಿಸಿಕೊಂಡು ಬಂದ ಸಮುದಾಯಗಳ ಮಕ್ಕಳೇ ಅದನ್ನು ಲೋಕದ ಮುಂದೆ ಇಡಬೇಕು. ಈ ವರ್ಷದ ಪ್ರಕಟಣೆಯಲ್ಲಿ ಆ ಷರತ್ತು ಇದೆಯೇ ಅಂತ ಮೊದಲು ನೋಡಿ.

ಬೇರೆ ದಾರಿಗಳಿವೆ. ಫೆಲಿಕ್ಸ್ ಸ್ಕಾಲರ್‌ಶಿಪ್ ಹಣದ ಅನುಕೂಲ ಇಲ್ಲದ ಭಾರತೀಯ ವಿದ್ಯಾರ್ಥಿಗಳನ್ನು ಲಂಡನ್ನಿನ ಸೋಯಾಸ್ (SOAS) ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳಿಗೆ ಕಳಿಸುತ್ತದೆ, ಪದವಿಯಲ್ಲಿ ಪ್ರಥಮ ದರ್ಜೆ ಇರಬೇಕು. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಭಾರತೀಯರ ಪಿಎಚ್‌.ಡಿ.ಗೆ ಈಗ ಸಿಗುತ್ತದೆಯೇ ಅಂತ ನೋಡಿ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ. ಮತ್ತೆ ನಿಮ್ಮೂರಿನ ಸುತ್ತಮುತ್ತ ಹಾಡುವವರ ದನಿಯನ್ನು ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ ತಂಗಿ. ಬೇರೆ ಯಾರ ಅರ್ಜಿಯಲ್ಲೂ ಅದು ಇರುವುದಿಲ್ಲ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಕೊನೇ ವರ್ಷ. ಅರವತ್ತು ಸಾವಿರ ಕೊಟ್ಟರೆ ಫುಲ್‌ಬ್ರೈಟ್‌ನಲ್ಲಿ ಎಂ.ಎಸ್. ಸೀಟು ಮಾಡಿಸಿಕೊಡುತ್ತೇವೆ ಅನ್ನುತ್ತಾರೆ ಒಬ್ಬರು. ಕೊಡಬಹುದೇ?

ಒಂದು ರೂಪಾಯಿಯೂ ಕೊಡಬೇಡಿ. ಫುಲ್‌ಬ್ರೈಟ್ ಅರ್ಜಿಗೆ ಶುಲ್ಕವೇ ಇಲ್ಲ. ಅದರ ಮಾಸ್ಟರ್ಸ್ ಫೆಲೋಶಿಪ್‌ಗೆ ಪದವಿಯ ನಂತರ ಮೂರು ವರ್ಷ ಕೆಲಸ ಮಾಡಿರಬೇಕು, ವಿಷಯಗಳೂ ಸಾರ್ವಜನಿಕ ಆರೋಗ್ಯ, ಪರಿಸರ, ನಗರ ಯೋಜನೆ ಇಂಥವು. ಕೊನೇ ವರ್ಷದ ಎಂಜಿನಿಯರಿಂಗ್ ಹುಡುಗನಿಗೆ ಅದು ಸಿಗುವಂತೆಯೇ ಇಲ್ಲ. ಅವನು ಯುರೋಪಿನ ಎರಾಸ್ಮಸ್ ಮುಂಡಸ್ ನೋಡಲಿ, ಎರಡು ಮೂರು ದೇಶದಲ್ಲಿ ಓದುವ ಮಾಸ್ಟರ್ಸ್ ಅದು, ತಿಂಗಳಿಗೆ 1,400 ಯೂರೊ ಕೊಡುತ್ತಾರೆ. 1892ರಿಂದ ನಡೆದು ಬಂದಿರುವ ಜೆ. ಎನ್. ಟಾಟಾ ಎಂಡೋಮೆಂಟ್‌ನ ಸಾಲದ ಸ್ಕಾಲರ್‌ಶಿಪ್ ಕೂಡ ಇದೆ, ಅದನ್ನು ತೀರಿಸಬೇಕು.

ಪ್ರಶ್ನೆ: ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮೂರನೇ ವರ್ಷ. ಫುಲ್‌ಬ್ರೈಟ್-ನೆಹರೂ ಡಾಕ್ಟರಲ್‌ಗೆ ಅರ್ಜಿ ಹಾಕಬೇಕು ಅಂತಿದೆ. ಮಗಳಿಗೆ ನಾಲ್ಕು ವರ್ಷ. ಒಂಬತ್ತು ತಿಂಗಳು ಬಿಟ್ಟು ಹೋಗುವುದು ಸರಿಯೇ ಅಂತ ರಾತ್ರಿ ನಿದ್ದೆ ಬರುವುದಿಲ್ಲ.

ನಾನು ಹೋದಾಗ ನನ್ನ ಮಗನಿಗೆ ಐದು. ಅಮ್ಮ ಮತ್ತು ಮನೆಯವರು ನೋಡಿಕೊಂಡರು. ಮೊದಲ ತಿಂಗಳು ಫೋನಿನಲ್ಲಿ ಅವನು ಮಾತಾಡುತ್ತಲೇ ಇರಲಿಲ್ಲ, ನಾನು ಫೋನ್ ಇಟ್ಟು ಅಳುತ್ತಿದ್ದೆ. ಆಮೇಲೆ ಹೊಂದಿಕೊಂಡ. ಕಷ್ಟ ಇಲ್ಲ ಅಂತ ಹೇಳಲಾರೆ, ಹೋದದ್ದಕ್ಕೆ ಒಂದು ದಿನವೂ ವಿಷಾದ ಪಟ್ಟಿಲ್ಲ ಅಂತ ಮಾತ್ರ ಹೇಳಬಲ್ಲೆ.

ನಿಮಗೆ ಬೇರೆ ದಾರಿಯೂ ಇದೆ. ಈ ಫೆಲೋಶಿಪ್ ಆರರಿಂದ ಒಂಬತ್ತು ತಿಂಗಳದ್ದು, ಆರು ಅಂತಲೇ ಬರೆಯಬಹುದು. ನಿಮಗೆ ಬೇಕಾದ ಪ್ರಯೋಗ ಅಷ್ಟರಲ್ಲಿ ಆಗುತ್ತದೆಯೇ ಅಂತ ಗೈಡ್ ಜೊತೆ ಕೂತು ಲೆಕ್ಕ ಹಾಕಿ. ಗಂಡ ಮತ್ತು ಮಗಳು ಜೆ-2 ವೀಸಾದಲ್ಲಿ ಜೊತೆಗೆ ಬರಬಹುದು, ಆದರೆ ಅವರ ಖರ್ಚನ್ನು ಹೇಗೆ ಹೊಂದಿಸುತ್ತೀರಿ ಅಂತ ತೋರಿಸಬೇಕಾಗುತ್ತದೆ, ಹಾಗಾಗಿ ಮನೆಯಲ್ಲಿ ಮೊದಲು ಹಣದ ಮಾತಾಡಿ.

ಅರ್ಜಿ ಈಗ ಹಾಕಿ. ಉತ್ತರ ಬರಲು ತಿಂಗಳುಗಳು ಬೇಕು, ಹೊರಡುವ ಹೊತ್ತಿಗೆ ಮಗಳಿಗೆ ಐದು ತುಂಬಿರುತ್ತದೆ. ಸಿಕ್ಕ ಮೇಲೂ ಬೇಡ ಅನ್ನಬಹುದು. ಅರ್ಜಿಯನ್ನೇ ಹಾಕದಿದ್ದರೆ ಆ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರಸ್ತಾವದ ಮೊದಲ ಪುಟ ಬರೆದ ಮೇಲೆ ನನಗೆ ಕಳಿಸಿ, ಓದಿ ಹೇಳುತ್ತೇನೆ.